ಹಸಿ ಹಾಸು ಬಿಟ್ಟು ಎದ್ದು ಹೋದ ದಿನ

ಬೆಲೆಗೆ ‘ಇಲ್ಲ’ ಅನ್ನುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬನಹಟ್ಟಿಯ ವ್ಯಾಪಾರಿಗಳೆದುರು, ನಾನೇ ನೇಯ್ದ ಸೀರೆಯನ್ನು ಮಡಚಿ ಬಗಲಲ್ಲಿಟ್ಟುಕೊಂಡು ಎದ್ದು ಬಂದವನು ನಾನು. ಮನುಷ್ಯರಿಗೆ ‘ಇಲ್ಲ’ ಅನ್ನುವುದು ಮಾತ್ರ ಬರುತ್ತಿರಲಿಲ್ಲ. ಯಾರು ಎತ್ತು ಕೊಳ್ಳಲಿ, ಎಮ್ಮೆ ಮಾರಲಿ, “ಚೌಕಾಶಿಗೆ ನಿನ್ನ ಬಾಯಿ ಬೇಕೋ” ಎಂದು ನನ್ನ ಬಾಗಿಲಿಗೇ ಬರುತ್ತಿದ್ದರು.

ಸಂಸ್ಥಾನ ಹೋಗಿ ಮುಂಬೈ ಸರಕಾರದ ಬಸ್ಸು ಓಡತೊಡಗಿದ್ದ ದಿನಗಳು. ಜಮಖಂಡಿಯ ಒಂದು ಮನೆಯವರು ವ್ಯಾಪಾರಿಯನ್ನು ಬಿಟ್ಟು ನೇರ ನನಗೇ ಮದುವೆ ಸೀರೆ ನೇಯಲು ಹೇಳಿದ್ದರು. ಅಂಥದ್ದು ಅದೇ ಮೊದಲು. ಆ ಬೆಳಿಗ್ಗೆ ಓಣಿಯುದ್ದಕ್ಕೂ ಹಾಸು ಎಳೆದು ಕಟ್ಟಿ, ನಾನೂ ಹೆಂಡತಿಯೂ ಆಚೀಚೆ ನಿಂತು ಗಂಜಿ ಹಚ್ಚುತ್ತಿದ್ದೆವು. ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಗಂಜಿ ಆರುವ ತನಕ ಕುಂಚ ಆಡುತ್ತಲೇ ಇರಬೇಕು. ಇಲ್ಲವಾದರೆ ಎಳೆಗೆ ಎಳೆ ಅಂಟಿ ಎಲ್ಲ ಕೆಟ್ಟೀತು.

ಆಗಲೇ ಪಕ್ಕದ ಮನೆಯ ಕಾಕಾ ಬಂದರು.

“ಮುಧೋಳ ಸಂತ್ಯಾಗ ಎತ್ತು ಕೊಳ್ಳೂದೈತಿ. ಬಸ್ ಬರೂ ಹೊತ್ತಾತು, ನಡಿಯಲೇ.”

“ಹಾಸು ಹಸಿ ಐತ್ರಿ ಕಾಕಾ.”

“ನಿನ್ನ ಹೆಂಡ್ತಿ ಇಲ್ಲೇನು?”

“ಮದುವಿ ಸೀರಿ ಐತ್ರಿ...”

“ಸಂಜಿಗೆ ಬರ್ತಿ. ಸೀರಿ ಎಲ್ಲಿ ಓಡಿ ಹೋಗತೈತಿ?”

ಹೋದೆ. ಎತ್ತಿನ ಬೆಲೆ ಕುದುರಲಿಲ್ಲ. ಬಂದು ನೋಡಿದರೆ ಹಾಸು ಹಲಗೆಯಾಗಿತ್ತು. ಹೆಂಡತಿ ಅಂಗೈ ತೋರಿಸಿ, “ದೇವ್ರು ನನಗ ಎರಡ ಕೈ ಕೊಟ್ಟಾನ್ರಿ” ಎಂದಳು, ಅಷ್ಟೆ. ಜಮಖಂಡಿಯವರು ಬೇರೆ ಕಡೆ ಸೀರೆ ಕೊಂಡರು. ಮತ್ತೆ ನನ್ನತ್ತ ತಿರುಗಿ ನೋಡಲಿಲ್ಲ.

ಸಿಟ್ಟು ಮೊದಲು ಕಾಕಾನ ಮೇಲೆ ಬಂತು. ಆಮೇಲೆ ನನ್ನ ಮೇಲೇ ಬಂದು, ಬಹಳ ದಿನ ಹೋಗಲಿಲ್ಲ. ಆ ಮುದುಕ ನನ್ನೊಡನೆ ಚೌಕಾಶಿ ಮಾಡಿದ್ದ, ನನಗೆ ತಿಳಿದೇ ಇರಲಿಲ್ಲ! ನಾನು ಒಂದೊಂದು ಕಾರಣ ಮುಂದಿಡುತ್ತ ಹೋದೆ, ಅವರು ಒಂದೊಂದನ್ನೇ ಮುರಿಯುತ್ತ ಹೋದರು. ವ್ಯಾಪಾರಿಯೆದುರು ನಾನು ಎಂದಾದರೂ ಕಾರಣ ಹೇಳಿದ್ದುಂಟೇ? ನಿಮಗೂ ಹೇಳುತ್ತೇನೆ, ಕೆಲಸ ಬಿಟ್ಟು ಬಾ ಎಂದವರಿಗೆ ಕಾರಣ ಕೊಡಬೇಡಿ. ಮಾತಾಡುವಾಗ ಕೈಯನ್ನೂ ನಿಲ್ಲಿಸಬೇಡಿ.

ಮುಂದೆ ಇನ್ನೊಂದು ಹಾಸು ಕಟ್ಟಿದ ಬೆಳಿಗ್ಗೆ ಕಾಕಾ ಮತ್ತೆ ಬಂದರು, ಅದೇ ಎತ್ತಿನ ಸಲುವಾಗಿ.

“ಆಗೂದಿಲ್ರಿ,” ಎಂದೆ.

“ಯಾಕ?”

“ಆಗೂದಿಲ್ರಿ ಕಾಕಾ.”

“ಭಾಳ ಸೊಕ್ಕು ಬಂತಲೇ ನಿನಗ!” ಎಂದು ಒಬ್ಬರೇ ಬಸ್ಸಿಗೆ ಹೋದರು. ನಾನು ಕುಂಚ ಬಿಡಲಿಲ್ಲ. ಹಾಸು ಎಳೆ ಎಳೆಯಾಗಿ ಆರಿತು.

ಮರುದಿನ ಕಾಕಾ ಎತ್ತು ಹೊಡೆದುಕೊಂಡು ಬಂದು, ನಮ್ಮ ಬಾಗಿಲೆದುರೇ ನಿಲ್ಲಿಸಿ, ಕೊಂಡ ಬೆಲೆ ಹೇಳಿದರು. ನಾನು ಹೋಗಿದ್ದರೂ ಬೆಲೆ ಅಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

“ಇಷ್ಟು ಛಲೋ ಕುದರಸಾಕ ಬರತಿದ್ರ, ಅವತ್ತ ನನ್ನ ಯಾಕ ಎಬ್ಬಿಸಿಕೊಂಡು ಹೋದ್ರಿ?”

ಕಾಕಾ ಎತ್ತಿನ ಬೆನ್ನು ತಟ್ಟುತ್ತ ಅಂದರು: “ಬಸ್ಸಿನ್ಯಾಗ ಮಾತಾಡಾಕ ಯಾರರ ಬೇಕಲ್ಲೋ.”