ಬನ್ನಿಗಿಡದ ಬುಡಕ ಎಂಟು ನವಿಲು

ನಾನು ಸಾಲಿ ಕಲಿತದ್ದು ಮೂರನೇ ಇಯತ್ತೆತನಕ. ಮೊಮ್ಮಗಳು ದನದ ಡಾಕ್ಟರಕಿ ಕಲಿಯಾಕ ಹೋದ ದಿನ ಬೀಳಗಿ ಬಸ್‌ಸ್ಟ್ಯಾಂಡಿನಲ್ಲಿ ಗುರ್ತು ಇಲ್ಲದವರಿಗೂ ಪೇಢೆ ಹಂಚಿದವ ನಾನು.

ಆಕಿಯ ಕೊನೇ ವರ್ಷ ಹಿನ್ನೀರಿನ ದಂಡಿಗುಂಟ ನವಿಲು ಸಾಯಾಕ ಹತ್ತಿದವು. ರೋಗ ಯಾವ ಜಾಗಾದಿಂದ ಬರತೈತಿ ಅಂತ ಹುಡುಕುವ ಕೆಲಸ ಆಕಿಯ ಪಾಲಿಗೆ ಬಂತು. ಕುರಿ ಹಿಂದ ದಿನಾ ಗುಡ್ಡ ತಿರುಗುವವ ನಾನ, ಅದಕ್ಕ ನನ್ನ ಕೈಗೊಂದು ಫೋನು ಕೊಟ್ಟಳು.

"ಮುತ್ಯಾ, ಸತ್ತ ನವಿಲು ಕಂಡ್ರ ಈ ಕೆಂಪು ಗುಂಡಿ ಒತ್ತು. ನೀ ನಿಂತ ಜಾಗಾ ನಕ್ಷೆದಾಗ ಚುಕ್ಕಿ ಆಗಿ ಬೀಳತೈತಿ."

ವಾರದಾಗ ಎಂಟು ಸಲ ಒತ್ತಿದೆ. ಎದಿ ಉಬ್ಬಿಸಿ ಫೋನು ತಿರುಗಿ ಕೊಟ್ಟೆ. ಆಕಿ ಅದನ್ನ ಕಂಪ್ಯೂಟರಿಗೆ ಹಚ್ಚಿ ನಕ್ಷೆ ತೆಗೆದಳು.

"ಎಂಟೂ ಚುಕ್ಕಿ ಗುಡ್ಡದ ಬನ್ನಿಗಿಡದ ಬುಡಕ ಅದಾವಲ್ಲೋ ಮುತ್ಯಾ?"

"ಹೂಂ, ಅಲ್ಲೇ ಹುಗದೇನಿ."

ಕುರಿ ಮೇಯುವಲ್ಲಿ ಸತ್ತದ್ದನ್ನ ಬಿಡಬಾರದು, ಅದು ನಮ್ಮ ರೂಢಿ. ಚೀಲದಾಗ ಹಾಕಿ ಕೋಲಿಗೆ ಸಿಗಿಸಿ ಒಯ್ದು, ಬನ್ನಿಗಿಡದ ಹತ್ತಿರ ಹುಗಿದು, ಕೈ ತೊಳಕೊಂಡು ಆಮ್ಯಾಲೆ ಗುಂಡಿ ಒತ್ತಿದ್ದೆ. ಹೊಲಸು ಕೈಲೆ ಮೊಮ್ಮಗಳ ಫೋನು ಮುಟ್ಟೂದು ಹ್ಯಾಂಗ?

"ನಾಡಿದ್ದು ನಕ್ಷೆ ಕೊಡಬೇಕು. ಇದನ್ನ ಕೊಟ್ರ ಎಲ್ಲಾರೂ ಬನ್ನಿಗಿಡಾನ ಹುಡುಕ್ತಾರ. ಅತ್ಲಾಗ ನವಿಲು ಸಾಯ್ತಾನ ಇರತಾವ," ಅಂದಳು.

ಅಡಗಿಮನಿಯಿಂದ ನನ್ನ ಹೇಣ್ತಿ, "ಈ ಮನಶ್ಯಾನ ಕೈಯಾಗ ಏನೂ ಕೊಡಬ್ಯಾಡ್ರಿ ಅಂತ ಲಗ್ನ ಆದಾಗಿಂದ ಹೇಳಾಕತ್ತೇನಿ," ಅಂದಳು.

"ಬರಕೋ ಯವ್ವಾ," ಅಂದೆ ಮೊಮ್ಮಗಳಿಗೆ. "ಮೊದಲನೇ ನವಿಲು ಸಿಕ್ಕ ಜಾಗಾ, ಕರೇ ಕುರಿ ಅವಳಿ ಮರಿ ಹಾಕಿದ ತಗ್ಗು. ಎರಡನೇದು, ಕುಂಟ ಟಗರು ನಿಮ್ಮ ಆಯಿನ್ನ ಹಾಯ್ದು ಕೆಡವಿದ ಕಲ್ಲು."

"ಅದು ನಕ್ಷೆದಾಗ ಬ್ಯಾಡ," ಅಂತ ಅಡಗಿಮನಿಯಿಂದ ಆಯಿಯ ದನಿ ಬಂತು.

ಅಕ್ಷರ ಮರೆತೇನು, ಕುರಿ ಈದ ಜಾಗಾ ಮರೆತೇನೇನು? ಮರುದಿನ ಮುಂಜಾನೆ ಮುಂದ ನಾನು, ಹಿಂದ ಫೋನು ಹಿಡಿದು ಆಕಿ. ಎಂಟೂ ಜಾಗಾದಾಗ ನಿಂತು ಆಕೀನ ಗುಂಡಿ ಒತ್ತಿದಳು. ಸಂಜೀಕ ನೋಡಿದರ ಚುಕ್ಕಿಗಳು ಹಳೇ ಕಲ್ಲಿನ ಖಣಿಯೊಳಗಿನ ನೀರಿನ ಸುತ್ತ, ಊಟಕ್ಕ ಕೂತ ಬೀಗರಂಗ ಕೂತಿದ್ದವು. ಆಕಿ ನನ್ನ ರುಮಾಲು ಕಿತ್ತುಕೊಂಡು ತಾನು ಸುತ್ತಿಕೊಂಡಳು.

ಆಕಿಯ ಕಾಲೇಜಿನ ಸಾಹೇಬರು ನೀರು ಪರೀಕ್ಷೆ ಮಾಡಿಸಿದರು, ಖರೇನ ರೋಗ ಅಲ್ಲೇ ಇತ್ತು. ಖಣಿಗೆ ಬೇಲಿ ಬಿತ್ತು, ಸಾವು ನಿಂತಿತು.

ಈಗ ನವಿಲು ನಮ್ಮ ಶೇಂಗಾ ಹೊಲಕ್ಕೇ ಬರತಾವ. "ನವಿಲು ಬದುಕಿಸಿದವರೇ ಹೋಗಿ ಹೊಲಾ ಕಾಯ್ರಿ," ಅಂತ ಹೇಣ್ತಿ ಬೈತಾಳ. ನಾನು ಗ್ವಾಡಿಗೆ ಅಂಟಿಸಿದ ನಕ್ಷೆ ನೋಡುತ್ತ ಕೂತಿರತೇನಿ. ಎರಡನೇ ಚುಕ್ಕಿಯ ಮಗ್ಗಲಕ ಮೊಮ್ಮಗಳು ದುಂಡಗ ಬರೆದಾಳ: ಆಯಿ ಬಿದ್ದ ಕಲ್ಲು.