ಒಂದೇ ಸಲ ಒತ್ತುವವರು

ಆ ಗುರುವಾರ ಬೆಳಗಿನಿಂದ ಗ್ಲೆನಿಸ್ ಕಾಲು ಸುಟ್ಟ ಬೆಕ್ಕಿನಂತಾಗಿದ್ದಳು. ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕ ಐರೀನ್ ಅಂದು ಮನೆಗೆ ಬರುವವಳಿದ್ದಳು. ಬಂದೇ ಬರುತ್ತಾಳೆಂದು ಹೇಳುವ ಹಾಗೂ ಇರಲಿಲ್ಲ. ಅಕ್ಕನ ಊರಾದ ಮ್ಯಾಟ್ಲಾಕಿನಿಂದ ಬಂದ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ‘ಗುರುವಾರ ಬೆಲ್ಪರ್ ಕಡೆ ಕೆಲಸವಿದೆ. ನಿನಗೆ ತೊಂದರೆಯಾಗದಿದ್ದರೆ ಹಾಗೇ ಇಣುಕಿ ಹೋಗುತ್ತೇನೆ. ನನಗಾಗಿ ಏನೂ ಮಾಡಬೇಡ.’ ಐರೀನಳಿಗೆ ಬೆಲ್ಪರಿನಲ್ಲಿ ಯಾವ ಕೆಲಸವೂ ಇಲ್ಲವೆಂದು ಗ್ಲೆನಿಸಳಿಗೆ ಚೆನ್ನಾಗಿ ಗೊತ್ತು. ಅರವತ್ತಾರು ವರ್ಷದ ಹೆಂಗಸು ಈ ಚಳಿಯಲ್ಲಿ ಬಸ್ಸು ಹತ್ತಿ ಬರುವುದು ತಂಗಿಯ ಮುಖ ನೋಡಲಿಕ್ಕೇ. ಆದರೆ ಆ ಸೀಮೆಯ ಜನ ಅದನ್ನು ಹಾಗೆಂದು ಬರೆಯುವುದಿಲ್ಲ, ಸತ್ತರೂ ಬರೆಯುವುದಿಲ್ಲ.

“ಇವತ್ತು ರಜಾ ಹಾಕಿ ಮನೇಲೇ ಕೂತ್ಕೋಬಾರ್ದಾ?” ಅಂದ ಗಂಡ ಕ್ಲಿಫ್. ಅವನು ಶಾಲೆಯ ಬಸ್ಸು ಓಡಿಸುವವನು, ಕೀ ಹುಡುಕುತ್ತಿದ್ದ.

“ಕೂತ್ಕೊಂಡು? ಕಿಟಕಿಗೆ ಮೂತಿ ಅಂಟಿಸ್ಕೊಂಡು ಕಾಯ್ತಿದ್ಲು ಅಂತ ಅವಳು ಊರೆಲ್ಲಾ ಹೇಳ್ಕೊಂಡು ಬರ್ಲಿ ಅಂತಾನಾ? ನಂಗೇನ್ ಬೇರೆ ಕೆಲಸ ಇಲ್ವಾ?”

“ಕಾಯ್ತಿಲ್ವಾ ಹಾಗಾದ್ರೆ?”

“ಕೀ ನಿನ್ ಜೇಬಲ್ಲೇ ಇದೆ. ಹೊರಡು ಮೊದ್ಲು.”

ಅವನು ನಗುತ್ತ ಹೋದ. ಅವಳು ಎಂದಿನಂತೆ ಹಿತ್ತಿಲ ತುದಿಯ ಆಫೀಸಿಗೆ ಹೊರಟಳು. ಆಫೀಸೆಂದರೆ ಕ್ಲಿಫ್ ಕಟ್ಟಿಕೊಟ್ಟ ಮರದ ಕೋಣೆ. ಒಂದು ಮೇಜು, ಒಂದು ಹೀಟರು, ಅಡುಗೆಮನೆಯ ಬಾಗಿಲಿಂದ ಇಪ್ಪತ್ತಾರು ಹೆಜ್ಜೆ. ಆಸ್ಪತ್ರೆಯ ಕಿವಿ ವಿಭಾಗದ ಡಾಕ್ಟರುಗಳು ಬಾಯಲ್ಲಿ ಹೇಳಿ ರೆಕಾರ್ಡು ಮಾಡಿಟ್ಟ ಪತ್ರಗಳನ್ನು ಕೇಳಿ ಟೈಪು ಮಾಡುವುದು ಅವಳ ಕೆಲಸ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡರೆ ಪಕ್ಕದಲ್ಲಿ ಫಿರಂಗಿ ಹಾರಿದರೂ ಗೊತ್ತಾಗದು. ಅದಕ್ಕೇ ಕ್ಲಿಫ್ ತಂತಿಯಿಲ್ಲದ ಕರೆಗಂಟೆ ತಂದು ಹಾಕಿದ್ದ. ಗುಂಡಿ ಮುಂಬಾಗಿಲಲ್ಲಿ, ಕೂಗುವ ಡಬ್ಬಿ ಅವಳ ಮೇಜಿನ ಮೇಲೆ. ಕೂಗುವುದರ ಜೊತೆಗೆ ಅದು ಕೆಂಪು ದೀಪವನ್ನೂ ಮಿಟುಕಿಸುತ್ತಿತ್ತು.

ಬೆಳಿಗ್ಗೆ ಅದನ್ನು ಮೂರು ಸಲ ಪರೀಕ್ಷಿಸಿದ್ದಳು. ಬ್ಯಾಟರಿಯನ್ನೂ ಹೊಸದಾಗಿ ಹಾಕಿದ್ದಳು. ಇಷ್ಟು ಮುತುವರ್ಜಿಗೆ ಕಾರಣವಿತ್ತು. ಅಕ್ಕತಂಗಿಯರ ಮಾತು ನಿಂತದ್ದೇ ಒಂದು ಕರೆಗಂಟೆಯಿಂದ.

ತಾಯಿಯ ಶವಸಂಸ್ಕಾರದ ದಿನ ಐರೀನ್ ಎಲ್ಲರೆದುರು, “ಅಮ್ಮ ಹಾಸಿಗೆ ಹಿಡಿದಿದ್ದಾಗ ಬರ್ದಿದ್ದೋಳು ಬಂದೋರಿಗೆ ಸ್ಯಾಂಡ್‌ವಿಚ್ ಕೊಯ್ಯೋ ಹೊತ್ತಿಗೆ ಸರಿಯಾಗಿ ಬಂದ್ಲು ನೋಡಿ” ಅಂದುಬಿಟ್ಟಿದ್ದಳು. ಗ್ಲೆನಿಸ್ ವಾರವಿಡೀ ಅತ್ತು, ಕೊನೆಗೆ ತಾನೇ ಸೋತು ಮ್ಯಾಟ್ಲಾಕಿಗೆ ಹೋಗಿ ಗಂಟೆ ಒತ್ತಿದಳು. ಒಳಗೆ ರೇಡಿಯೊ ಹಾಡುತ್ತಿತ್ತು. ಬಾಗಿಲು ತೆರೆಯಲಿಲ್ಲ. ಇಪ್ಪತ್ತರವರೆಗೆ ಎಣಿಸಿ ಹಿಂತಿರುಗಿದಳು. ಇನ್ನೊಂದು ಸಲ ಒತ್ತಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆ ಮನೆಯಲ್ಲಿ ಹುಟ್ಟಿದವರು ಕೇಳುವುದಿಲ್ಲ. “ಎರಡು ಸಲ ಗಂಟೆ ಒತ್ತೋರು ಪೊಲೀಸ್ನೋರು, ಇಲ್ಲಾ ಓಟು ಕೇಳೋರು. ಮರ್ಯಾದಸ್ಥರು ಒಂದೇ ಸಲ ಒತ್ತಿ ಸುಮ್ನೆ ನಿಲ್ತಾರೆ” ಎಂದು ತಾಯಿ ಇಬ್ಬರಿಗೂ ಎದೆಹಾಲಿನ ಜೊತೆಗೇ ಕುಡಿಸಿದ್ದಳು. ಆಮೇಲೆ ವರ್ಷಕ್ಕೊಂದು ಕ್ರಿಸ್ಮಸ್ ಕಾರ್ಡು, ಅದರಲ್ಲಿ ಬರೀ ಹೆಸರು.

ಹತ್ತು ಗಂಟೆಗೆ ಡಬ್ಬಿ ಕೂಗಿತು. ಗ್ಲೆನಿಸ್ ಕೂದಲು ಸರಿಮಾಡಿಕೊಳ್ಳುತ್ತ ಇಪ್ಪತ್ತಾರು ಹೆಜ್ಜೆಯನ್ನು ಹತ್ತರಲ್ಲಿ ದಾಟಿದಳು. ಪಾರ್ಸೆಲಿನವನು. ಅದೂ ಪಕ್ಕದ ಮನೆಯ ಮಿಸೆಸ್ ಟನಿಕ್ಲಿಫ್ ಹೆಸರಿನದು. ಹನ್ನೊಂದೂವರೆಗೆ ಮತ್ತೆ ಕೂಗಿತು. ಮನೆಮನೆಯ ಕಿಟಕಿ ಗಾಜು ಒರೆಸುವವನು ಹಲ್ಲು ಕಿರಿಯುತ್ತ ನಿಂತಿದ್ದ.

“ಇವತ್ತು ಬೇಡ,” ಅಂದಳು ಗ್ಲೆನಿಸ್.

“ಯಾಕಮ್ಮಾ, ಲಿಪ್‌ಸ್ಟಿಕ್ಕು ಗಿಪ್‌ಸ್ಟಿಕ್ಕು? ರಾಜ ಬರ್ತಿದಾನಾ?”

“ಬಾಯಿ ಮುಚ್ಕೊಂಡು ಹೋಗು, ಬಕೆಟ್ ತಲೆ ಮೇಲೆ ಸುರಿದೇನು!”

ಬಾಗಿಲು ಹಾಕಿದ ಮೇಲೆ ಅವಳಿಗೆ ತನ್ನ ಮೇಲೇ ರೇಗಿತು. ಆಮೇಲಂತೂ ಕೂಗದ ಗಂಟೆಯೂ ಕೇಳತೊಡಗಿತು. ಎರಡು ಸಾಲು ಟೈಪು ಮಾಡುವುದು, ಹೆಡ್‌ಫೋನು ಕಿತ್ತು ಕಿವಿಗೊಡುವುದು, ಮತ್ತೆ ಹಾಕಿಕೊಳ್ಳುವುದು. ಡಾಕ್ಟರು ಬಿಸ್ಕತ್ತು ಅಗಿಯುತ್ತ ಹೇಳುತ್ತಿದ್ದರು: ರೋಗಿಗೆ ಯಾರೂ ಬಾರಿಸದ ಗಂಟೆಯ ಸದ್ದು ಹಗಲಿಡೀ ಕೇಳಿಸುತ್ತದಂತೆ. “ಆ ರೋಗಿ ಇಲ್ಲೇ ಕೂತಿದಾಳೆ ಡಾಕ್ಟ್ರೇ,” ಅಂದುಕೊಂಡಳು ಗ್ಲೆನಿಸ್. ನಗು ಬರಲಿಲ್ಲ.

ಒಂದು ಗಂಟೆಗೆ ಟೀ ಮಾಡಿಕೊಳ್ಳಲು ಎದ್ದಳು. ಆ ಐದು ನಿಮಿಷದಲ್ಲೇ ಅಕ್ಕ ಬಂದುಬಿಟ್ಟರೆ? ಮುಂಬಾಗಿಲಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆಯಾದರೂ, ಡಬ್ಬಿಯನ್ನು ಕೂಸಿನಂತೆ ಕಂಕುಳಲ್ಲಿಟ್ಟುಕೊಂಡು ಹೋದಳು. ಬ್ರೆಡ್ಡಿನ ಪೆಟ್ಟಿಗೆಯ ಪಕ್ಕ ಅದನ್ನಿಟ್ಟು ಟೀ ಕಾಯಿಸಿದಳು. ಅಕ್ಕನಿಗೆ ಕೊಡಬೇಕಾದ ಕಪ್ಪು ಯಾವುದೆಂದು ಕಪಾಟು ತೆರೆದು ಯೋಚಿಸಿದಳು. ಹೂವಿನದು ಬೇಡ, ಅಮ್ಮನದು, ಅಳು ಬರುತ್ತದೆ. ಹಾಗೇ ಯೋಚಿಸುತ್ತ ಮಗ್ಗು ಹಿಡಿದು ಆಫೀಸಿಗೆ ಮರಳಿದಳು. ಡಬ್ಬಿ ಬ್ರೆಡ್ಡಿನ ಪಕ್ಕದಲ್ಲೇ ಉಳಿಯಿತು.

ವಿಚಿತ್ರವೆಂದರೆ ಆ ಒಂದೂವರೆ ತಾಸು ಮಾತ್ರ ಅವಳು ನೆಮ್ಮದಿಯಿಂದ ಕೆಲಸ ಮಾಡಿದಳು. ಮೂರು ಪತ್ರ ಮುಗಿದವು. ಎರಡೂವರೆಗೆ ಕತ್ತೆತ್ತಿ ಕೆಂಪು ದೀಪ ನೋಡಹೋದರೆ ಮೇಜಿನ ಮೇಲೆ ಡಬ್ಬಿಯೇ ಇಲ್ಲ.

ಓಡಿದಳು. ಮುಂಬಾಗಿಲ ಮೆಟ್ಟಿಲ ಮೇಲೆ ಒಂದು ಗಾಜಿನ ಜಾಡಿ ಇತ್ತು, ಕಿತ್ತಳೆ ಸಿಪ್ಪೆಯ ಜಾಮು. ಮುಚ್ಚಳಕ್ಕೆ ನೀಲಿ ಚೌಕಳಿಯ ಬಟ್ಟೆ ಕಟ್ಟಿತ್ತು. ಅಮ್ಮ ಹಾಕುತ್ತಿದ್ದಂಥದೇ ಗಂಟು ಅದು. ಗ್ಲೆನಿಸ್ ರಸ್ತೆಯ ಎರಡೂ ತುದಿಗೆ ಕಣ್ಣು ಹಾಯಿಸಿದಳು.

ಬೇಲಿಯಾಚೆಯಿಂದ ಮಿಸೆಸ್ ಟನಿಕ್ಲಿಫ್ ಕತ್ತು ಚಾಚಿದರು. “ಯಾರೋ ಬಂದಿದ್ರು ಕಣೇ. ಹಸಿರು ಕೋಟು, ನಿನ್ನದೇ ಮೂಗು. ಒಂದ್ಸಲ ಒತ್ತಿ ಕಂಬದ ಹಾಗೆ ನಿಂತಿದ್ರು.”

“ನಾನು ಹಿಂದೆ ಇದೀನಿ ಅಂತ ಹೇಳ್ಲಿಲ್ವಾ?”

“ಹೇಳ್ದೆ. ಪಕ್ಕದ ಗೇಟು ತೆಗೆದು ಹೋಗಿ ಅಂದೆ. ‘ಅಯ್ಯೋ ಬೇಡಪ್ಪ, ಕೆಲಸದಲ್ಲಿರೋರಿಗೆ ತೊಂದರೆ ಕೊಡಬಾರ್ದು’ ಅಂದ್ರು. ಕಣ್ಣು ಒರೆಸ್ಕೊಂಡ ಹಾಗಿತ್ತು. ಚಳಿಗೋ ಏನೋ.”

ಗ್ಲೆನಿಸಳಿಗೆ ತಾನು ಒಂಬತ್ತು ವರ್ಷದ ಹಿಂದೆ ಅದೇ ರೀತಿ ಕಣ್ಣೊರೆಸಿಕೊಂಡು ಬಸ್ಸು ಹತ್ತಿದ್ದು ನೆನಪಾಯಿತು. ಈಗ ಬಿಟ್ಟರೆ ಇನ್ನೊಂಬತ್ತು ವರ್ಷ. ಅಷ್ಟು ವರ್ಷ ಇಬ್ಬರಿಗೂ ಉಳಿದಿರಬೇಕಲ್ಲ? ಕೋಟು ಎಳೆದುಕೊಂಡು ಮ್ಯಾಟ್ಲಾಕಿನ ಬಸ್ಸು ಹಿಡಿಯಲು ಸ್ಟಾಪಿಗೆ ಓಡಿದಳು. ಬಸ್ಸಿನಲ್ಲಿ ಕೂತ ಮೇಲೆ ನೋಡಿಕೊಂಡರೆ ಕಾಲಲ್ಲಿ ಆಫೀಸಿನ ಉಣ್ಣೆಯ ಚಪ್ಪಲಿ, ಕತ್ತಲ್ಲಿ ಹೆಡ್‌ಫೋನು. ಎದುರಿನ ಮುದುಕ ಬಹಳ ಮರ್ಯಾದೆಯಿಂದ ಕಿಟಕಿಯಾಚೆ ನೋಡುತ್ತಿದ್ದ.

ಐರೀನಳ ಬಾಗಿಲಲ್ಲಿ ಗಂಟೆ ಒತ್ತಿದಳು. ಇಪ್ಪತ್ತರವರೆಗೆ ಎಣಿಸಿದಳು. ಬಾಗಿಲು ತೆರೆಯಲಿಲ್ಲ. ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ಹುಟ್ಟುಗುಣ ಸುಟ್ಟರೂ ಹೋಗದು. ಆದರೂ ಅವಳು ಹಲ್ಲು ಕಚ್ಚಿ ಎರಡನೇ ಸಲ ಒತ್ತಿದಳು. ಕಿವಿ ಬಿಸಿಯಾಯಿತು. ಒತ್ತಿದ ಬೆರಳನ್ನು ತೆಗೆಯಲೇ ಇಲ್ಲ.

ಬಾಗಿಲು ತಟ್ಟನೆ ತೆರೆಯಿತು. ಐರೀನ್ ಹಸಿರು ಕೋಟನ್ನೂ ಬಿಚ್ಚದೆ ಅಲ್ಲೇ, ಬಾಗಿಲ ಹಿಂದೆಯೇ ನಿಂತಿದ್ದಳು.

“ಕಿವುಡಿ ಏನೇ ನೀನು?” ಅಂದಳು ಗ್ಲೆನಿಸ್, ಏದುಸಿರು ಬಿಡುತ್ತ.

“ಮೊದಲ್ನೇ ಸಲಾನೇ ಕೇಳಿಸ್ತು. ಇನ್ನೊಂದ್ಸಲ ಒತ್ತುತೀಯೋ ಇಲ್ವೋ ಅಂತ ನೋಡ್ತಿದ್ದೆ.”

ಗ್ಲೆನಿಸ್ ಅವಳ ಮುಖವನ್ನೇ ದಿಟ್ಟಿಸಿದಳು. “ಆವತ್ತು? ರೇಡಿಯೊ ಹಾಡ್ತಿತ್ತಲ್ಲ, ಆವತ್ತು?”

“ಆವತ್ತೂ ಇಲ್ಲೇ ನಿಂತಿದ್ದೆ,” ಅಂದಳು ಐರೀನ್. “ಕೈ ಚಿಲಕದ ಮೇಲೇ ಇತ್ತು ಕಣೇ. ನೀನು ಒಂದೇ ಸಲ ಒತ್ತಿದೆ.”