ಹುಮನಾಬಾದಿನ ಮಿಸ್ತ್ರಿ ಮತ್ತು ನಾನು ತೆಗೆಯದ ಲಿವರ್

ಮೊನ್ನೆ ಬಸವಕಲ್ಯಾಣದ ಒಂದು ಗ್ಯಾರೇಜಿನಲ್ಲಿ ಹಳೆಯ ಗೇರ್ ಆಯಿಲ್ ಇಳಿಸುತ್ತಿದ್ದರು. ಕೊಳೆತ ಬೆಳ್ಳುಳ್ಳಿಯಂಥ ಆ ನಾತ ಮೂಗಿಗೆ ಬಡಿದದ್ದೇ ತಡ, ಹುಮನಾಬಾದಿನ ಗಾಡಿ ರಿಪೇರಿ ಮಿಸ್ತ್ರಿ ನೆನಪಾದರು. ಗಾಡಿ ಓಡಿಸಿ ಓಡಿಸಿ ನನ್ನ ಸೊಂಟ ಹೋಯಿತು, ಕಣ್ಣೂ ಹೋಗುತ್ತಿದೆ. ಈ ನೆನಪು ಮಾತ್ರ ಹೋಗಲೊಲ್ಲದು...

ಆಗ ನಾನು ಮುಡಬಿ ಕಡೆಯ ಗುತ್ತಿಗೆದಾರರೊಬ್ಬರ ಫೋರ್‌ವೀಲ್ ಜೀಪು ಓಡಿಸುತ್ತಿದ್ದೆ. ಅದು ನನ್ನ ಮೊದಲ ನೌಕರಿ. ಮದುವೆಯಾಗಿ ಆರು ತಿಂಗಳಾಗಿತ್ತು. ಮಾಲಕರು ಮಹಾ ಸಿಟ್ಟಿನ ಮನುಷ್ಯ; ನನಗಿಂತ ಮೊದಲಿದ್ದ ಡ್ರೈವರನ್ನು ಬಂಪರ್ ತಾಗಿಸಿದ್ದಕ್ಕೆ ನಡುದಾರಿಯಲ್ಲೇ ಇಳಿಸಿ ಕಳಿಸಿದ್ದರು.

ಜೀಪಿನ ರಿಪೇರಿಯೆಲ್ಲ ಹುಮನಾಬಾದಿನಲ್ಲಿ, ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ. ಮಿಸ್ತ್ರಿಯವರ ಬಾಯಿ ಕೆಟ್ಟದ್ದು, ಕೈ ಮಾತ್ರ ಬಂಗಾರ. ಒಂದು ದಿನ ನಾನು ಕೇಳಿದೆ: ಒಂದು ಗಾಲಿ ಕೆಸರಲ್ಲಿ ಗಿರಗಿರ ತಿರುಗುವಾಗ ಒಣ ನೆಲದ ಮೇಲಿರುವ ಇನ್ನೊಂದು ಯಾಕೆ ಸುಮ್ಮನೆ ನಿಂತಿರುತ್ತದೆ? ಅವರು ಬೈಯಲಿಲ್ಲ. ಗಾಡಿಯನ್ನು ಗೇರಿನಲ್ಲಿಟ್ಟು ಹಿಂದಿನ ಎರಡೂ ಗಾಲಿಗಳನ್ನು ಜಾಕಿನ ಮೇಲೆ ಎತ್ತಿದರು. ಒಂದನ್ನು ಕೈಯಿಂದ ಮುಂದಕ್ಕೆ ತಿರುಗಿಸಿದೆ. ಇನ್ನೊಂದು ತಾನಾಗಿ ಹಿಂದಕ್ಕೆ ತಿರುಗಿತು. ಅರೆ!

"ನಡುವ ಡಿಫರೆನ್ಷಿಯಲ್ ಅದ, ತಮ್ಮಾ. ನೊಗ ಇದ್ದಂಗ. ಎರಡೂ ಎತ್ತಿಗಿ ಜೋರು ಸಮಾನೇ ಕೊಡ್ತದ. ಒಂದು ಎತ್ತು ಸಡಲ ಬಿಟ್ರ ನೊಗ ತಿರುಗ್ತದ, ಬಂಡಿ ನಿಂತಲ್ಲೇ ನಿಂದರ್ತದ."

ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕಲ್ಲ, ಅದಕ್ಕೆ ಈ ಏರ್ಪಾಟು. ಮುಂದಿನ ಗಾಲಿಗಳ ನಡುವೆ ಒಂದು, ಹಿಂದಿನವುಗಳ ನಡುವೆ ಒಂದು. ಆದರೆ ನಮ್ಮ ಜೀಪಿನಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಅಂಥದ್ದೇನೂ ಇರಲಿಲ್ಲ. ಲಿವರ್ ಎಳೆದು ಫೋರ್‌ವೀಲ್ ಹಾಕಿದರೆ ಎರಡೂ ಬಿಗಿಯಾಗಿ ಜೋಡಿಯಾಗುತ್ತಿದ್ದವು; ತಿರುವಿನಲ್ಲಿ ಮುಂದಿನವು ಹೆಚ್ಚು ಓಡಬೇಕೆಂದರೂ ಹಿಂದಿನವು ಬಿಡುತ್ತಿರಲಿಲ್ಲ.

"ಕೆಸರಿನಾಗ ಗಾಲಿ ಜಾರಿ ಬಿಡಿಸ್ಕೋತದ. ಡಾಂಬರ್ ಮ್ಯಾಲ ಎಲ್ಲಿ ಜಾರ್ತದ? ಗೇರಿನ ಹಲ್ಲು ಮುರೀತದ. ಡಾಂಬರ್ ಹತ್ತಿದ ಕೂಡ್ಲೇ ಲಿವರ್ ತಗಿ, ಫೋರ್‌ವೀಲ್ ಬಿಡಸು."

ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಡಾಂಬರು ಹತ್ತಿದ ಮೇಲೆ ಗಾಡಿ ನಿಲ್ಲಿಸಿ, ಗಾಲಿಗೆ ಮೆತ್ತಿದ ಮಣ್ಣನ್ನು ಕೋಲಿನಿಂದ ಕೆರೆಯುವುದು ಡ್ರೈವರುಗಳ ರೂಢಿ. ಕೆರೆಯಲು ಇಳಿಯುವ ಮುಂಚೆ ಲಿವರ್ ತೆಗೆಯುತ್ತಿದ್ದೆ. ಒಂದು ದಿನ ಮಳೆ ಎಷ್ಟು ಜೋರಿತ್ತೆಂದರೆ ಮಣ್ಣು ತಾನೇ ತೊಳೆದುಹೋಯಿತು. ಪಕ್ಕದಲ್ಲಿ ಮಾಲಕರು ಜಲ್ದಿ ಜಲ್ದಿ ಎನ್ನುತ್ತಿದ್ದರು. ನಾನು ಇಳಿಯಲಿಲ್ಲ, ಲಿವರೂ ನೆನಪಾಗಲಿಲ್ಲ. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಗೇರ್‌ಬಾಕ್ಸ್ ಕಟಾರ್ ಎಂದಿತು.

ಹದಿನೈದು ದಿನದ ಹಿಂದಷ್ಟೇ ಮಿಸ್ತ್ರಿ ಆ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸಿದ್ದರು. ಜೀಪನ್ನು ಶೆಡ್ಡಿಗೆ ಎಳೆತಂದ ಮಾಲಕರು ಹತ್ತು ಜನರೆದುರು ಮಿಸ್ತ್ರಿಯವರನ್ನು ಬಾಯಿಗೆ ಬಂದಂತೆ ಬೈದರು. ಮಿಸ್ತ್ರಿ ಮುರಿದ ಹಲ್ಲುಗಳನ್ನು ತಿರುತಿರುಗಿಸಿ ನೋಡಿದರು. ಮಾಲಕರು ಚಹಾಕ್ಕೆ ಹೋದಾಗ ನನ್ನ ಹತ್ತಿರ ಬಂದರು.

"ಖರೇ ಹೇಳು. ಲಿವರ್ ತಗದಿದ್ದಿ?"

"ತಗದಿದ್ದೆ, ಕಾಕಾ."

ನನ್ನ ಮುಖವನ್ನೇ ನೋಡಿದರು. "ಹಂಗಾದ್ರ ಗಲ್ತಿ ನಂದೇ ಬಿಡು, ನಾನೇ ಸರಿ ಕೂಡ್ಸಿಲ್ಲ," ಎಂದರು. ಮಾಲಕರು ಬಂದಾಗ ಅದನ್ನೇ ಹೇಳಿದರು. ನೌಕರಿ ಉಳಿಯಿತು. ಆಮೇಲೆ ನಮ್ಮ ಗಾಡಿ ಅಲ್ಲಿಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೇ ನನ್ನನ್ನು ಉಳಿಸಿದರು ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ನಾಚಿಕೆಗೇಡಿ ಸಮಾಧಾನ...

ಈಗ ನಾನು ಓಡಿಸುವುದು ಡಾಕ್ಟರೊಬ್ಬರ ಕಾರು. ನಾಲ್ಕೂ ಗಾಲಿಗೆ ಯಾವಾಗಲೂ ಇಂಜಿನ್ನಿನ ಜೋರು ಹೋಗುತ್ತದೆ. ಮುಂದು ಹಿಂದುಗಳ ನಡುವೆಯೂ ಒಂದು ಡಿಫರೆನ್ಷಿಯಲ್ ಇದೆ. ಒಂದು ಗಾಲಿ ಜಾರಿದರೆ ಕಾರು ಅದಕ್ಕಷ್ಟೇ ಬ್ರೇಕ್ ಹಿಡಿದು ಉಳಿದವಕ್ಕೆ ಜೋರು ದಾಟಿಸುತ್ತದೆ. ಮರೆಯಲು ಲಿವರೇ ಇಲ್ಲ. ಇದನ್ನು ತೋರಿಸಿದ್ದರೆ ಮಿಸ್ತ್ರಿ ಕಾರಿನ ಕೆಳಗೆ ನುಗ್ಗಿ ಅರ್ಧ ದಿನ ಹೊರಗೆ ಬರುತ್ತಿರಲಿಲ್ಲ.

ಮೊನ್ನೆ ಆ ನಾತ ಬಡಿದ ಮೇಲೆ ತಡೆಯಲಾಗಲಿಲ್ಲ. ನಿನ್ನೆ ಹುಮನಾಬಾದಿನ ಬಸ್ಸು ಹತ್ತಿದೆ. ಶೆಡ್ಡು ಇರಲಿಲ್ಲ. ಹಿಂದಿನ ಮನೆಯಲ್ಲಿ ಮಿಸ್ತ್ರಿಯವರ ಹೆಂಡತಿ, ಕಾಕಿ, ಇದ್ದರು. ಮಿಸ್ತ್ರಿ ಹೋದ ಮಳೆಗಾಲದಲ್ಲಿ ತೀರಿಕೊಂಡರಂತೆ. ನಾನು ಯಾರೆಂದು ಕಾಕಿಗೆ ಗುರುತು ಸಿಗಲಿಲ್ಲ.

"ಕಡೀಕಡೀಗಿ ಬರೇ ಪಂಚರ್ ತಿದ್ದತಿದ್ರಪಾ," ಎಂದರು. "ಒಂದು ಜೀಪು ಕೆಟ್ಟಿತ್ತು ನೋಡು, ಆಮ್ಯಾಲ ಗೇರ್‌ಬಾಕ್ಸಿಗಿ ಕೈನೇ ಹಚ್ಚಲಿಲ್ಲ. ಆ ಡ್ರೈವರ್ ಹುಡುಗ ಸುಳ್ಳ ಹೇಳಾಂವ ಅಲ್ಲ, ನನ್ನ ಕೈನೇ ಕೆಟ್ಟಾವ ಅಂತಿದ್ರು."

ಆ ಡ್ರೈವರ್ ನಾನೇ, ಸುಳ್ಳು ಹೇಳಿದ್ದೆ ಎಂದೆ.

"ನಂಗ್ಯಾಕ ಹೇಳ್ತಿ? ಇದನ್ನ ಅವರಿಗಿ ಹೇಳಬೇಕಿತ್ತಲ್ಲಪಾ," ಎಂದರು.